ಸೀತೆದಂಡೆ: ಮಳೆನಾಡಿನ ಕೊಂಬೆಯ ಮೇಲೊಂದು ಬರಗಾಲ

ಕರಾವಳಿ ಕರ್ನಾಟಕದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆಯಾದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬಿದ್ದು ಮುಗಿಯುವುದರಿಂದ, ದೀಪಾವಳಿ ಕಳೆದ ಮೇಲೆ ಮುಂದಿನ ಮುಂಗಾರಿನವರೆಗೆ ಅಲ್ಲಿನ ಕಾಡು ಹೆಚ್ಚುಕಡಿಮೆ ಒಣಗಾಲದಲ್ಲಿಯೇ ಇರುತ್ತದೆ. ಮಣ್ಣಿನ ಆಳಕ್ಕೆ ಬೇರಿಳಿಸಿದ ಮರಕ್ಕೆ ಈ ಆರೇಳು ತಿಂಗಳನ್ನು ಕಳೆಯುವುದು ಅಷ್ಟೇನೂ ಕಷ್ಟವಲ್ಲ. ಅದೇ ಮರದ ಕೊಂಬೆಯ ಮೇಲೆ, ನೆಲದಿಂದ ಇಪ್ಪತ್ತು ಮೂವತ್ತು ಅಡಿ ಎತ್ತರದಲ್ಲಿ, ಹಿಡಿ ಮಣ್ಣೂ ಇಲ್ಲದ ತೊಗಟೆಯನ್ನು ಅಪ್ಪಿಕೊಂಡು ಬದುಕುವ ಗಿಡದ ಪಾಡು ಬೇರೆ. ಆಷಾಢದ ಜಡಿಮಳೆಯಲ್ಲಿ ಸಹ ಅದಕ್ಕೆ ದಕ್ಕುವುದು ಮೈಮೇಲೆ ಹರಿದುಹೋಗುವ ನೀರೇ ಹೊರತು ನಿಂತ ನೀರಲ್ಲ, ಮಳೆ ನಿಂತು ಬಿಸಿಲು ಬಿದ್ದ ಕೆಲವೇ ಗಂಟೆಗಳಲ್ಲಿ ಅದರ ಕಾಲಡಿಯ ತೊಗಟೆ ಮತ್ತೆ ಒಣಗಿರುತ್ತದೆ. ಸಸ್ಯವಿಜ್ಞಾನದಲ್ಲಿ ರಿಂಕೋಸ್ಟೈಲಿಸ್ ರೆಟ್ಯೂಸಾ ಎಂಬ ಹೆಸರಿರುವ, ಕನ್ನಡಿಗರು ಸೀತೆದಂಡೆ ಎಂದು, ಕೆಲವೆಡೆ ಸೀತಾಳೆದಂಡೆ ಎಂದು ಕರೆಯುವ ಕಾಡು ಆರ್ಕಿಡ್ ಇಂಥ ಕೊಂಬೆಯ ನಿವಾಸಿ. ಅದರ ಹೂವಿನ ಚೆಲುವನ್ನು ಹೊಗಳಿದವರು ಬೇಕಾದಷ್ಟು ಮಂದಿ ಇದ್ದಾರೆ. ಮಳೆನಾಡಿನಲ್ಲಿ ಇದ್ದುಕೊಂಡೇ ಅದು ಬರಗಾಲದ ಗಿಡದಂತೆ ಬದುಕುತ್ತದೆ ಎಂಬುದು ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಅದರ ಬೇರು, ಎಲೆ, ಬೀಜ ಎಲ್ಲವೂ ಅರ್ಥವಾಗಬೇಕಾದರೆ ಈ ಸಂಗತಿಯಿಂದಲೇ ಹೊರಡಬೇಕಾಗುತ್ತದೆ.

ಹೆಸರಿನಲ್ಲಿರುವ 'ದಂಡೆ'ಗೂ ನದಿಯ ದಂಡೆಗೂ ಸಂಬಂಧವಿಲ್ಲ. ಉತ್ತರ ಕನ್ನಡ ಮತ್ತು ಮಲೆನಾಡಿನ ಮಾತಿನಲ್ಲಿ ದಂಡೆಯೆಂದರೆ ಹೆಂಗಸರು ಮುಡಿಗೆ ಏರಿಸುವ ಕಟ್ಟಿದ ಹೂವು. ಅಬ್ಬಲಿಗೆಯ ದಂಡೆ, ಮಲ್ಲಿಗೆಯ ದಂಡೆ ಎಂಬ ಬಳಕೆ ಅಲ್ಲಿ ಇಂದಿಗೂ ಇದೆ. ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಿ ದಂಡೆ ಮಾಡಬೇಕಾದರೆ, ಈ ಗಿಡದ ಹೂಗೊಂಚಲು ಕಟ್ಟುವ ಕೆಲಸವನ್ನು ತಾನೇ ಮುಗಿಸಿಕೊಂಡು ಕೊಂಬೆಯಿಂದ ಇಳಿಬಿದ್ದಿರುತ್ತದೆ. ವನವಾಸದಲ್ಲಿ ಸೀತೆ ಇದನ್ನು ಮುಡಿದಿದ್ದಳೆಂಬ ನಂಬಿಕೆ ಹುಟ್ಟಿದ್ದು ಸಹಜವೇ. ಮರಾಠಿಯಲ್ಲಿ ಇದಕ್ಕೂ ಇದರ ಹತ್ತಿರದ ಬಂಧುವಾದ ಏರಿಡಿಸ್ ಕುಲದ ಆರ್ಕಿಡ್‌ಗಳಿಗೂ 'ಸೀತೇಚಿ ವೇಣಿ', ಅಂದರೆ ಸೀತೆಯ ಹೆರಳಿನ ಹೂಮಾಲೆ, ಎಂಬ ಹೆಸರಿದೆ. ಸಾವಿರಾರು ಕಿಲೋಮೀಟರ್ ಆಚೆಯ ಅಸ್ಸಾಮಿನಲ್ಲಿ ಇದೇ ಹೂವು 'ಕೊಪೌ ಫೂಲ್' ಎನಿಸಿಕೊಂಡು, ಬೊಹಾಗ್ ಬಿಹುವಿನ ಕುಣಿತದಲ್ಲಿ ಯುವತಿಯರ ತುರುಬನ್ನು ಏರುತ್ತದೆ. ಅದು ಆ ರಾಜ್ಯದ ಅಧಿಕೃತ ಪುಷ್ಪವೂ ಹೌದು, ಪಕ್ಕದ ಅರುಣಾಚಲ ಪ್ರದೇಶದ ಪುಷ್ಪವೂ ಹೌದು. ಇಂಗ್ಲಿಷಿನವರಿಗೆ ಇದೇ ಗೊಂಚಲಿನಲ್ಲಿ ನರಿಯ ಬಾಲ ಕಂಡಿತು. ಹೋಲಿಕೆ ತಪ್ಪೇನಲ್ಲ, ಆದರೆ ಹೂವನ್ನು ಮುಡಿದು ಬಲ್ಲವರ ಕಣ್ಣಿಗೂ ಬೇಟೆಯಾಡಿ ಬಲ್ಲವರ ಕಣ್ಣಿಗೂ ಇರುವ ಅಂತರ ಅದರಲ್ಲಿ ಕಾಣದೆ ಇರದು.

ಹೂವಿಲ್ಲದ ಹೊತ್ತಿನಲ್ಲಿ ಸೀತೆದಂಡೆಯನ್ನು ಗುರುತಿಸುವುದು ಸುಲಭವಲ್ಲ. ಗಿಡ್ಡನೆಯ, ಗಟ್ಟಿಯಾದ ಒಂದೇ ಕಾಂಡ. ಅದರ ಎರಡು ಬದಿಗೆ ಒತ್ತೊತ್ತಾಗಿ ಜೋಡಿಸಿಟ್ಟಂತಿರುವ, ಒಂದು ಗೇಣು ಅಥವಾ ಅದಕ್ಕೂ ಉದ್ದದ, ಪಟ್ಟಿಯಾಕಾರದ ದಪ್ಪ ಎಲೆಗಳು. ಎಲೆಯ ನಡುವೆ ದೋಣಿಯಂತೆ ತಗ್ಗು. ತುದಿಯಲ್ಲಿ ಮಾತ್ರ ಯಾವುದೋ ಹುಳು ಕಚ್ಚಿ ಬಿಟ್ಟಂತೆ ಸಣ್ಣ ಕಚ್ಚು. ರೆಟ್ಯೂಸಾ ಎಂಬ ಲ್ಯಾಟಿನ್ ಪದ ಸೂಚಿಸುವುದು ಈ ಮೊಂಡಾದ, ಕಚ್ಚುಬಿದ್ದ ತುದಿಯನ್ನೇ. ಕರಾವಳಿಯ ಮಾವಿನ ಮರಗಳಲ್ಲಿ ಹೇರಳವಾಗಿ ಕಾಣುವ ಅಕಾಂಪೆ ಎಂಬ ಇನ್ನೊಂದು ಆರ್ಕಿಡ್‌ನ ಎಲೆಗಳೂ ಹೆಚ್ಚುಕಡಿಮೆ ಹೀಗೆಯೇ ಇರುವುದರಿಂದ, ಸೀತೆದಂಡೆಯೆಂದು ಅದನ್ನು ಮನೆಗೆ ತಂದು ಕಟ್ಟಿಕೊಂಡವರು ಹೂ ಬಿಟ್ಟಾಗ ಹಳದಿಯ ಮೇಲೆ ಕಂದು ಪಟ್ಟೆಯ ಪುಟ್ಟ ಹೂಗಳನ್ನು ಕಂಡು ಬೇಸ್ತು ಬೀಳುವುದುಂಟು. ಸೀತೆದಂಡೆಯ ಹರವು ಬಲು ದೊಡ್ಡದು: ಶ್ರೀಲಂಕಾ, ಪಶ್ಚಿಮ ಘಟ್ಟ, ಹಿಮಾಲಯದ ತಪ್ಪಲು, ಬರ್ಮಾ, ಥಾಯ್ಲೆಂಡ್, ದಕ್ಷಿಣ ಚೀನಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ವರೆಗೆ ಅದು ಹಬ್ಬಿದೆ. ಕರ್ನಾಟಕದಲ್ಲಿ ಕರಾವಳಿಯ ತಗ್ಗು ಕಾಡಿನಿಂದ ಘಟ್ಟದ ಮೇಲಿನ ಕಾನುಗಳವರೆಗೂ ಅದಕ್ಕೆ ನೆಲೆಯುಂಟು.

ಯುರೋಪಿನ ವಿಜ್ಞಾನಕ್ಕೆ ಈ ಗಿಡ ಪರಿಚಯವಾದದ್ದು ಇದೇ ಪಶ್ಚಿಮ ಕರಾವಳಿಯಿಂದ. ಡಚ್ಚರ ಮಲಬಾರಿನ ಆಡಳಿತಾಧಿಕಾರಿಯಾಗಿ ಕೊಚ್ಚಿಯಲ್ಲಿದ್ದ ಹೆಂಡ್ರಿಕ್ ವಾನ್ ರೀಡ್ ಸ್ಥಳೀಯ ವೈದ್ಯರ ನೆರವಿನಿಂದ ಸಿದ್ಧಪಡಿಸಿದ 'ಹೊರ್ಟಸ್ ಮಲಬಾರಿಕಸ್' ಎಂಬ ಸಚಿತ್ರ ಸಸ್ಯಗ್ರಂಥ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವಿದ್ವಾಂಸರೂ ಆ ಕೆಲಸದಲ್ಲಿ ಕೈಜೋಡಿಸಿದ್ದರು. ಆ ಮೂವರು ಕೊಂಕಣಿಯಲ್ಲಿ ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ದೃಢೀಕರಣ ಮೊದಲ ಸಂಪುಟದಲ್ಲಿಯೇ ಮುದ್ರಿತವಾಗಿದೆ. ರೀಡ್ ತೀರಿಕೊಂಡ ಮೇಲೆ ಹೊರಬಂದ ಹನ್ನೆರಡನೆಯ ಸಂಪುಟದ ಮೊದಲ ಚಿತ್ರವೇ ಸೀತೆದಂಡೆಯದು. ಅಲ್ಲಿ ಅದಕ್ಕೆ ಕೊಟ್ಟ ಮಲಯಾಳಿ ಹೆಸರು 'ಆಂಜಿಲಿ ಮರವಾಳ'. ಆಂಜಿಲಿಯೆಂದರೆ ಕನ್ನಡದ ಹೆಬ್ಬಲಸು. 'ವಾಳ' ನಮ್ಮ ಬಾಳೆಯೇ ಆದ್ದರಿಂದ ಮರವಾಳವೆಂದರೆ ಮರಬಾಳೆ. ಹೆಬ್ಬಲಸಿನ ಮೇಲೆ ಬೆಳೆಯುವ ಮರಬಾಳೆ ಎಂಬ ಆ ಹೆಸರಿನಲ್ಲಿ ಗಿಡದ ರೂಪವೂ ಅದು ಏರುವ ಮರವೂ ಎರಡೂ ಇವೆ, ಯಾವ ಲ್ಯಾಟಿನ್ ಹೆಸರಿನಲ್ಲಿಯೂ ಅಷ್ಟು ಮಾಹಿತಿ ಇಲ್ಲ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಈ ಚಿತ್ರ ಮತ್ತು ವಿವರಣೆಯನ್ನೇ ಆಧಾರವಾಗಿಟ್ಟುಕೊಂಡು ಅದಕ್ಕೆ ಎಪಿಡೆಂಡ್ರಂ ರೆಟ್ಯೂಸಂ ಎಂದು ಹೆಸರಿಟ್ಟ. ಎಪಿಡೆಂಡ್ರಂ ಎಂದರೆ 'ಮರದ ಮೇಲಿನದು' ಎಂದಷ್ಟೇ ಅರ್ಥ. 1825ರಲ್ಲಿ ಬ್ಲೂಮೆ ಎಂಬ ಸಸ್ಯವಿಜ್ಞಾನಿ ಹೂವಿನ ನಡುವಿನ ಸ್ತಂಭದ ತುದಿ ಹಕ್ಕಿಯ ಕೊಕ್ಕಿನಂತಿರುವುದನ್ನು ಗಮನಿಸಿ, ಕೊಕ್ಕು ಮತ್ತು ಸ್ತಂಭ ಎಂಬ ಅರ್ಥದ ಗ್ರೀಕ್ ಪದಗಳನ್ನು ಕೂಡಿಸಿ ಈಗಿನ ಕುಲದ ಹೆಸರನ್ನು ರೂಪಿಸಿದ.

ಮರದ ಮೇಲೆ ಬೆಳೆಯುವ ಎಲ್ಲವನ್ನೂ ಬಂದಳಿಕೆಯೆಂದು ಕರೆದುಬಿಡುವ ರೂಢಿ ನಮ್ಮಲ್ಲಿದೆ. ಬಂದಳಿಕೆ ಅಥವಾ ಬದನಿಕೆ ನಿಜಕ್ಕೂ ಪರಾವಲಂಬಿ. ಅದು ಮಾವಿನ ಕೊಂಬೆಯ ಒಳಗೆ ತನ್ನ ಹೀರುಬೇರನ್ನು ತೂರಿಸಿ ಮರದ ನೀರನ್ನೂ ಲವಣವನ್ನೂ ಕದಿಯುತ್ತದೆ, ಬಂದಳಿಕೆ ಹತ್ತಿದ ಕೊಂಬೆ ಸೊರಗುತ್ತದೆ. ಸೀತೆದಂಡೆಯ ಬೇರಾದರೋ ತೊಗಟೆಯ ಮೇಲ್ಮೈ ದಾಟಿ ಒಳಗೆ ಹೋಗುವುದೇ ಇಲ್ಲ. ಮರ ಅದಕ್ಕೆ ಅನ್ನದಾತನಲ್ಲ, ಬಿಸಿಲು ಗಾಳಿ ಸಿಗುವ ಎತ್ತರದಲ್ಲಿ ಕೂರಲು ಸಿಕ್ಕ ಜಗಲಿ ಮಾತ್ರ. ಇಂಥ ಗಿಡಗಳಿಗೆ ವಿಜ್ಞಾನದಲ್ಲಿ ಅಧಿಸಸ್ಯ, ಅಂದರೆ ಇನ್ನೊಂದು ಗಿಡದ ಮೇಲೆ ನೆಲೆಸಿದರೂ ಅದರ ರಸವನ್ನು ಹೀರದ ಸಸ್ಯ, ಎಂದು ಹೆಸರು. ವಿಚಿತ್ರವೆಂದರೆ ಹಳೆಯ ಗೊಂದಲ ವಿಜ್ಞಾನದ ಹೆಸರಿನಲ್ಲಿಯೇ ಉಳಿದುಕೊಂಡಿದೆ: ಸೀತೆದಂಡೆಯ ಬಳಗದ ಪ್ರಸಿದ್ಧ ಆರ್ಕಿಡ್ ಕುಲವಾದ ವಾಂಡಾಕ್ಕೆ ಆ ಹೆಸರು ಬಂದದ್ದು ಸಂಸ್ಕೃತದ 'ವಂದಾ' ಎಂಬ ಪದದಿಂದ, ಅದರ ಅರ್ಥ ಬಂದಳಿಕೆ. ಮಾವಿನ ತೋಪಿನ ಮಾಲೀಕರು ಬಂದಳಿಕೆಯನ್ನು ಕಡಿದು ತೆಗೆಯುವಾಗ ಆರ್ಕಿಡ್‌ಗಳನ್ನೂ ಅದರ ಜೊತೆಗೇ ಕೆರೆದು ಕೆಡವುವುದಕ್ಕೆ ಈ ಗೊಂದಲವೇ ಕಾರಣ.

ಮರದಿಂದ ಏನನ್ನೂ ಪಡೆಯದಿದ್ದರೆ ನೀರೆಲ್ಲಿಯದು, ಗೊಬ್ಬರವೆಲ್ಲಿಯದು ಎಂಬ ಪ್ರಶ್ನೆಗೆ ಉತ್ತರ ಬೇರಿನಲ್ಲಿದೆ. ಕಿರುಬೆರಳಿನ ಆಸುಪಾಸಿನ ದಪ್ಪಕ್ಕೆ ಬೆಳೆಯಬಲ್ಲ ಈ ಬೇರುಗಳು ಒಣಗಾಲದಲ್ಲಿ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತವೆ. ಬೆಳೆಯುತ್ತಿರುವ ಬೇರಿನ ತುದಿಯ ಒಂದಿಂಚು ಮಾತ್ರ ಹಸಿರಾಗಿ ಹೊಳೆಯುತ್ತಿರುತ್ತದೆ. ಬೆಳ್ಳಗಿನ ಭಾಗದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೆ ಕಣ್ಣೆದುರಿಗೇ ಅದು ಬಣ್ಣ ಬದಲಿಸಿ ಎಳೆಹಸಿರಾಗುತ್ತದೆ, ನೀರು ಬಿದ್ದ ಜಾಗವಷ್ಟೇ ಹಸಿರಾಗಿ ಪಕ್ಕದ್ದು ಬೆಳ್ಳಗೇ ಉಳಿಯುತ್ತದೆ. ಇದಕ್ಕೆ ಕಾರಣ ಬೇರಿನ ಹೊರಗವಸು. ವೆಲಮೆನ್ ಎಂದು ಕರೆಯುವ, ಲ್ಯಾಟಿನ್‌ನಲ್ಲಿ ಹೊದಿಕೆ ಎಂಬ ಅರ್ಥ ಕೊಡುವ ಈ ಪದರ ಸತ್ತ ಜೀವಕೋಶಗಳಿಂದ ಆದದ್ದು. ಒಳಗೆ ಟೊಳ್ಳಾದ ಆ ಕೋಶಗಳಲ್ಲಿ ಒಣಗಾಲದಲ್ಲಿ ಗಾಳಿ ತುಂಬಿರುವುದರಿಂದ ಬೆಳಕು ಚದುರಿ ಬಿಳಿಬಣ್ಣ ತೋರುತ್ತದೆ, ನೀರು ಹೊಕ್ಕೊಡನೆ ಪದರ ಪಾರದರ್ಶಕವಾಗಿ ಒಳಗಿನ ಜೀವಂತ ಅಂಗಾಂಶದ ಹಸಿರು ಹೊರಗೆ ಕಾಣುತ್ತದೆ. ಅಂದರೆ ಬೇರು ಕೂಡ ಎಲೆಯಂತೆ ಬೆಳಕನ್ನು ಬಳಸಿಕೊಂಡು ಆಹಾರ ತಯಾರಿಸಬಲ್ಲದು.

ವೆಲಮೆನ್ ಬರಿಯ ಸ್ಪಂಜಲ್ಲ. ಜರ್ಮನಿಯ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆರ್ಕಿಡ್ ಬೇರುಗಳ ಈ ಹೊದಿಕೆ ಕೆಲವೇ ಸೆಕೆಂಡುಗಳಲ್ಲಿ ನೀರನ್ನು ತುಂಬಿಕೊಂಡು ಅದನ್ನು ಗಂಟೆಗಟ್ಟಲೆ ಬಿಟ್ಟುಕೊಡದೆ ಇರುತ್ತದೆ. ನೀರಿನಲ್ಲಿ ಕರಗಿದ ಲವಣಗಳ ವಿದ್ಯುದಂಶವುಳ್ಳ ಕಣಗಳನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ಮಳೆ ಶುರುವಾದಾಗ ಎಲೆ, ಕೊಂಬೆ, ತೊಗಟೆಗಳ ಮೇಲೆ ಕೂತ ಧೂಳು, ಹಕ್ಕಿಯ ಹಿಕ್ಕೆ, ಕೊಳೆತ ಎಲೆಯ ಪುಡಿ ಇವನ್ನೆಲ್ಲ ತೊಳೆದುಕೊಂಡು ಇಳಿಯುವ ಮೊದಲ ನೀರೇ ಸತ್ವದ ನೀರು, ಆಮೇಲಿನದೆಲ್ಲ ಸಪ್ಪೆ. ಜೂನ್ ಜುಲೈ ತಿಂಗಳ ದಿನವಿಡೀ ಸುರಿಯುವ ಮಳೆಯಿಂದ ಈ ಗಿಡಕ್ಕೆ ಆಗುವ ಲಾಭ ನಾವು ಎಣಿಸುವಷ್ಟೇನೂ ಅಲ್ಲ. ಬಹುಕಾಲ ಒಣಗಿದ ಮೇಲೆ ಬೀಳುವ ಮೊದಲ ಹನಿಗಳೇ ಅದಕ್ಕೆ ಔತಣ.

ಎಲೆಯೂ ಬರಗಾಲಕ್ಕೆ ತಕ್ಕಂತೆಯೇ ನಡೆದುಕೊಳ್ಳುತ್ತದೆ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು, ಅಂದರೆ ಎಲೆಯ ಮೇಲಿನ ಸೂಕ್ಷ್ಮ ಉಸಿರುಕಂಡಿಗಳನ್ನು, ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುವಾಗ ಅದೇ ಕಂಡಿಗಳಿಂದ ನೀರು ಆವಿಯಾಗಿ ಹೋಗುತ್ತದೆ. ವಾಂಡಾ ಬಳಗದ ದಪ್ಪ ಎಲೆಯ ಆರ್ಕಿಡ್‌ಗಳು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿ ರಾತ್ರಿಯ ತಂಪಿನಲ್ಲಿ ಕಂಡಿ ತೆರೆದು, ಒಳಬಂದ ಅನಿಲವನ್ನು ಹುಳಿಯಾದ ಆಮ್ಲದ ರೂಪದಲ್ಲಿ ಎಲೆಯೊಳಗೆ ಕೂಡಿಟ್ಟು, ಹಗಲಿನಲ್ಲಿ ಕಂಡಿ ಮುಚ್ಚಿಕೊಂಡು ಆ ದಾಸ್ತಾನಿನಿಂದ ಸಕ್ಕರೆ ತಯಾರಿಸುತ್ತವೆ. ಅನಾನಸು, ಪಾಪಾಸುಕಳ್ಳಿ, ಲೋಳೆಸರಗಳದ್ದೂ ಇದೇ ದಾರಿ. ಈ ವಿದ್ಯಮಾನದ ಮೊದಮೊದಲ ಸುಳಿವು ಸಿಕ್ಕಿದ್ದು ಭಾರತದಲ್ಲಿಯೇ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿಯಾಗಿದ್ದು, ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯನ್ನೂ ಕೆಲಕಾಲ ನೋಡಿಕೊಂಡಿದ್ದ ಬೆಂಜಮಿನ್ ಹೈನೆ, ಕಾಡುಬಸಳೆಯ ಎಲೆ ಮುಂಜಾನೆ ಬಾಯಿಗೆ ಹುಳಿಯಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ರುಚಿಯೇ ಇಲ್ಲದಂತಾಗುತ್ತದೆ ಎಂದು ಲಂಡನ್ನಿಗೆ ಬರೆದ ಪತ್ರ 1815ರಲ್ಲಿ ಪ್ರಕಟವಾಯಿತು. ರಾತ್ರಿ ಕೂಡಿಟ್ಟ ಆಮ್ಲ ಹಗಲಿನಲ್ಲಿ ಖರ್ಚಾಗುವುದೇ ಆ ರುಚಿಯ ಗುಟ್ಟೆಂಬುದು ಸ್ಪಷ್ಟವಾಗಲು ಮತ್ತೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಈ ಕ್ರಮದಿಂದ ನೀರು ಉಳಿಯುತ್ತದೆ, ಆದರೆ ಬೆಳವಣಿಗೆ ತೀರ ನಿಧಾನವಾಗುತ್ತದೆ. ಸೀತೆದಂಡೆ ವರ್ಷಕ್ಕೆ ಹೊಸದಾಗಿ ಹೊರಡಿಸುವುದು ಕೆಲವೇ ಎಲೆಗಳನ್ನು. ದೊಡ್ಡ ಗಿಡವೊಂದನ್ನು ಕಂಡರೆ ಅದು ಅಲ್ಲಿ ಕೂತು ಹಲವು ಮುಂಗಾರುಗಳು ಕಳೆದಿವೆಯೆಂದೇ ತಿಳಿಯಬೇಕು.

ನಮ್ಮ ಕರಾವಳಿಯಲ್ಲಿ ಹೂ ಬಿಡುವುದು ಮೇ ಜೂನ್ ತಿಂಗಳಲ್ಲಿ, ಮಳೆನಕ್ಷತ್ರದ ಲೆಕ್ಕದಲ್ಲಿ ಹೇಳುವುದಾದರೆ ರೋಹಿಣಿ, ಮೃಗಶಿರೆಯ ಆಸುಪಾಸಿನಲ್ಲಿ. ಒಂದು ಅಡಿಯಿಂದ ಒಂದೂವರೆ ಅಡಿಯವರೆಗೆ ಇಳಿಬೀಳುವ ಗೊಂಚಲಿನಲ್ಲಿ ನೂರಕ್ಕೂ ಹೆಚ್ಚು ಹೂಗಳಿರುವುದುಂಟು. ದೂರದಿಂದ ಒಂದೇ ದಂಡೆಯಾಗಿ ತೋರುವುದು ಹತ್ತಿರ ಹೋದಾಗ ಎರಡು ಸೆಂಟಿಮೀಟರಿಗೂ ಮೀರದ ಅಷ್ಟೂ ಹೂಗಳಾಗಿ ಬಿಡಿಬಿಡಿಯಾಗುತ್ತದೆ. ಬಿಳಿಯ ದಳಗಳ ಮೇಲೆ ನೇರಳೆಗೆಂಪಿನ ಚುಕ್ಕೆಗಳು, ಮುಂದಕ್ಕೆ ಚಾಚಿದ ತುಟಿಯಂಥ ಒಂದು ದಳ ಮಾತ್ರ ತುಂಬು ನೇರಳೆ, ಅದರ ಬುಡದಲ್ಲಿ ಎರಡೂ ಕಡೆಯಿಂದ ಒತ್ತಿದಂತಿರುವ ಚಪ್ಪಟೆ ಚೀಲ. ತುಟಿಯ ಮೇಲ್ಗಡೆ, ಗಂಡು ಹೆಣ್ಣು ಭಾಗಗಳೆರಡೂ ಬೆಸೆದುಕೊಂಡು ಆದ ಮೊಂಡು ಸ್ತಂಭವಿದೆ. ತೆಳುವಾದ ಕಡ್ಡಿಯೊಂದನ್ನು ಚೀಲದತ್ತ ತೂರಿಸಿ, ಹೊರಗೆಳೆಯುವಾಗ ಸ್ತಂಭದ ಕೊಕ್ಕಿಗೆ ಮೆಲ್ಲಗೆ ತಾಗಿಸಿದರೆ ಕಡ್ಡಿಯ ತುದಿಗೆ ಸಣ್ಣ ದಾರದಂಥ ತೊಟ್ಟಿನ ಮೇಲೆ ಕೂತ ಎರಡು ಹಳದಿ ಗುಂಡುಗಳು ಅಂಟಿಕೊಂಡು ಬರುತ್ತವೆ. ಇವು ಪರಾಗಪಿಂಡಗಳು: ದಾಸವಾಳದಲ್ಲಿ ಕೈಗೆ ಪುಡಿಯಾಗಿ ಹತ್ತುವ ಪರಾಗ ಇಲ್ಲಿ ಮೇಣದ ಉಂಡೆಯಾಗಿ ಕಟ್ಟಿಕೊಂಡಿರುತ್ತದೆ. ಕೀಟದ ತಲೆಗೋ ಮೈಗೋ ಈ ಜೋಡಿ ಉಂಡೆ ಅಂಟಿ ಇನ್ನೊಂದು ಹೂವಿಗೆ ತಲುಪಿದರೆ ಒಂದೇ ಭೇಟಿಯಲ್ಲಿ ಸಾವಿರಾರು ಬೀಜಗಳಿಗೆ ಬೇಕಾದ ಪರಾಗ ಸಂದಾಯವಾಗುತ್ತದೆ, ತಲುಪದಿದ್ದರೆ ಆ ಹೂವಿನ ಪರಾಗವೆಲ್ಲ ಒಮ್ಮೆಗೇ ನಷ್ಟ. ಆದ್ದರಿಂದಲೇ ನೂರು ಹೂವಿನ ಗೊಂಚಲಿನಲ್ಲಿ ಕಾಯಿ ಕಚ್ಚುವುದು ಬೆರಳೆಣಿಕೆಯಷ್ಟು ಮಾತ್ರ.

ಕಾಯಿ ಬಲಿಯಲು ಹಲವು ತಿಂಗಳು ಬೇಕು. ಅದು ಒಣಗಿ ಸೀಳಿದಾಗ ಹೊರಬೀಳುವುದು ಕಣ್ಣಿಗೆ ಬರೀ ಹಳದಿ ಧೂಳು. ಅದರ ಒಂದೊಂದು ಕಣವೂ ಒಂದು ಬೀಜ. ಭತ್ತದ ಕಾಳಿನಲ್ಲಾಗಲಿ ಹಲಸಿನ ಬೀಜದಲ್ಲಾಗಲಿ ಮೊಳಕೆಯ ಪಾಲಿಗೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿಯಿರುತ್ತದೆ. ಆರ್ಕಿಡ್ ಬೀಜಕ್ಕೆ ಬುತ್ತಿಯಿಲ್ಲ. ಭಾರವಿಲ್ಲದ್ದರಿಂದ ಗಾಳಿಯಲ್ಲಿ ಎಷ್ಟು ದೂರ, ಎಷ್ಟು ಎತ್ತರಕ್ಕೂ ಹೋಗಬಲ್ಲದು, ಕೊಂಬೆಯನ್ನು ಮುಟ್ಟಲು ಬೇರೆ ಉಪಾಯವೂ ಇಲ್ಲ; ಆದರೆ ಹೋಗಿ ಕೂತ ತೊಗಟೆಯ ಬಿರುಕಿನಲ್ಲಿ ಸರಿಯಾದ ಶಿಲೀಂಧ್ರ, ಅಂದರೆ ಬೂಸ್ಟು ಅಣಬೆಗಳ ವರ್ಗದ ಜೀವಿ, ಇದ್ದರೆ ಮಾತ್ರ ಮುಂದಿನ ಮಾತು. ಶಿಲೀಂಧ್ರದ ಎಳೆ ಬೀಜದೊಳಗೆ ನುಗ್ಗಿ, ಅದು ತಂದ ಸಕ್ಕರೆಯಿಂದ ಬೀಜ ಉಬ್ಬಿ ಮೊದಲು ಪ್ರೋಟೋಕಾರ್ಮ್ ಎಂಬ ಸಾಸಿವೆ ಕಾಳಿಗಿಂತ ಚಿಕ್ಕ ಹಸಿರು ಗುಂಡಾಗುತ್ತದೆ, ಎಲೆ ಬೇರುಗಳು ಆಮೇಲೆ. ಹೀಗೊಂದು ಸಹವಾಸವಿಲ್ಲದೆ ಆರ್ಕಿಡ್ ಬೀಜ ಕಾಡಿನಲ್ಲಿ ಮೊಳೆಯದೆಂಬುದನ್ನು ಫ್ರಾನ್ಸಿನ ನೊಯೆಲ್ ಬರ್ನಾರ್ 1899ರಲ್ಲಿ ಕಂಡುಕೊಂಡ. ಶಿಲೀಂಧ್ರದ ಕೆಲಸ ಸಕ್ಕರೆ ಒದಗಿಸುವುದಾದರೆ ಸಕ್ಕರೆಯನ್ನೇ ಕೊಟ್ಟು ನೋಡಬಹುದಲ್ಲ ಎಂದು ಯೋಚಿಸಿದ ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಗಾಜಿನ ಸೀಸೆಯೊಳಗೆ, ಸಕ್ಕರೆ ಮತ್ತು ಲವಣ ಬೆರೆಸಿದ ಅಗರ್ ಎಂಬ ಪಾಚಿಯ ಲೋಳೆಯ ಮೇಲೆ, ಶಿಲೀಂಧ್ರದ ಹಂಗಿಲ್ಲದೆ ಬೀಜ ಮೊಳೆಯಿಸಿ ತೋರಿಸಿದ. ಇಂದು ಹೂವಿನ ಅಂಗಡಿಯಲ್ಲಿ ಸಿಗುವ ಆರ್ಕಿಡ್‌ಗಳೆಲ್ಲ ಈ ಸೀಸೆಯ ವಂಶದವೇ. ಸೀತೆದಂಡೆಯನ್ನೂ ಭಾರತದ ಪ್ರಯೋಗಾಲಯಗಳಲ್ಲಿ ಬೀಜದಿಂದಲೂ ಎಲೆಯ ತುಣುಕಿನಿಂದಲೂ ಯಶಸ್ವಿಯಾಗಿ ಬೆಳೆಸಲಾಗಿದೆ.

ಹೀಗಿರುವಾಗ ಕಾಡಿನಿಂದ ಕಿತ್ತು ತರುವ ಅಗತ್ಯವೇ ಇಲ್ಲ. ಆದರೂ ಅದು ನಿಂತಿಲ್ಲ. ಆರ್ಕಿಡ್ ಕುಟುಂಬ ಪೂರ್ತಿಯಾಗಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿ ಸೇರಿರುವುದರಿಂದ ದೇಶ ದಾಟಿಸುವುದಕ್ಕೆ ಪರವಾನಗಿ ಬೇಕು, ಅರಣ್ಯ ಇಲಾಖೆಯ ಕಾಡಿನಿಂದ ಅನುಮತಿಯಿಲ್ಲದೆ ಕೀಳುವುದೂ ಅಪರಾಧವೇ. ಆದರೆ ಕಾನೂನಿನ ಕಣ್ಣಿಗೆ ಬೀಳದ ನಷ್ಟವೇ ಹೆಚ್ಚು. ಬೀಜಕ್ಕೆ ಬೇಕಾದದ್ದು ಬಿರುಕುಬಿಟ್ಟ, ಪಾಚಿ ಹಿಡಿದ, ವರ್ಷಗಟ್ಟಲೆ ಅಲುಗಾಡದೆ ನಿಂತ ತೊಗಟೆ. ಹಳೆಯ ಮಾವು, ಹಲಸು, ಹೆಬ್ಬಲಸು, ಮತ್ತಿಯ ಮರಗಳು ಅದನ್ನು ಕೊಡುತ್ತವೆ. ಕೆಲವೇ ವರ್ಷಗಳಿಗೊಮ್ಮೆ ಕಡಿದು ಮಾರುವ ಅಕೇಶಿಯಾ ನೆಡುತೋಪು ಎಷ್ಟು ಹಸಿರಾಗಿ ಕಂಡರೂ ಕೊಡಲಾರದು. ಅಡಿಕೆ ತೋಟಕ್ಕೆಂದು ವರ್ಷವರ್ಷವೂ ಸೊಪ್ಪು ಕಡಿಯುವ ಬೆಟ್ಟಗಳಲ್ಲಿ ಕೊಂಬೆಗೆ ಆ ಬಿಡುವು ಸಿಗುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಲ್ಲಿ ಉರುಳಿದ ಸಾಲುಮರಗಳ ಜೊತೆಗೆ ಇಂಥ ಜಗಲಿಗಳೂ ಹೋದವು. ಕರಾವಳಿಯ ನಾಗಬನಗಳಲ್ಲಿ ಮರ ಕಡಿಯಬಾರದೆಂಬ ಕಟ್ಟುಪಾಡಿನಿಂದ ಮುದಿಮರಗಳು ಉಳಿದಿದ್ದವು. ಜೀರ್ಣೋದ್ಧಾರದ ಹೆಸರಿನಲ್ಲಿ ಬನವನ್ನು ಬಯಲು ಮಾಡಿ ಸಿಮೆಂಟಿನ ಕಟ್ಟೆ ಕಟ್ಟುವ ಈಚಿನ ಉತ್ಸಾಹದಲ್ಲಿ ನಾಗನಿಗೆ ನೆರಳು ತಪ್ಪುವುದಲ್ಲದೆ ಸೀತೆಯ ದಂಡೆಗೂ ನೆಲೆ ತಪ್ಪುತ್ತಿದೆ.

ಮನೆಗೆ ತಂದ ಗಿಡಗಳ ಗತಿಯೂ ಬಹುಮಟ್ಟಿಗೆ ಒಂದೇ ಬಗೆಯದು. ಪ್ರೀತಿಯಿಂದಲೇ ತಂದಿರುತ್ತಾರೆ, ಕುಂಡಕ್ಕೆ ಕೆಮ್ಮಣ್ಣು ಸಗಣಿಗೊಬ್ಬರ ತುಂಬಿ ಅದರಲ್ಲಿ ಹೂತು ದಿನಕ್ಕೆರಡು ಸಲ ನೀರು ಹೊಯ್ಯುತ್ತಾರೆ. ಗಾಳಿಯಾಡಿದೊಡನೆ ಒಣಗಬೇಕಾದ ವೆಲಮೆನ್ ಹಗಲೂ ರಾತ್ರಿ ನೆಂದು, ಒಳಗಿನ ಜೀವಂತ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಎಲೆ ಸುಕ್ಕುಗಟ್ಟಿದ್ದನ್ನು ಕಂಡು ನೀರು ಸಾಲದೆಂದು ಇನ್ನಷ್ಟು ಹೊಯ್ಯುತ್ತಾರೆ. ಗಿಡ ಸಾಯುವುದು ಉಪವಾಸದಿಂದಲ್ಲ, ಉಪಚಾರದಿಂದ.

ಗಾಳಿಮಳೆಗೆ ಮುರಿದುಬಿದ್ದ ಕೊಂಬೆಗಳಲ್ಲಿ ಸಿಗುವ ಸೀತೆದಂಡೆಯನ್ನು ಉಳಿಸಿಕೊಳ್ಳುವ ಅವಕಾಶ ಮಾತ್ರ ಕರಾವಳಿಯ ತೋಟದ ಮನೆಗಳಿಗೆ ಪ್ರತಿ ಮಳೆಗಾಲವೂ ಒದಗುತ್ತದೆ, ಏಕೆಂದರೆ ನೆಲಕ್ಕೆ ಬಿದ್ದ ಅಧಿಸಸ್ಯ ಅಲ್ಲಿಯೇ ಉಳಿದರೆ ನೆರಳು ತೇವಗಳಲ್ಲಿ ಕೊಳೆತುಹೋಗುವುದೇ ಹೆಚ್ಚು. ಅಂಥ ಗಿಡವನ್ನು ತೊಗಟೆಯ ಚೂರಿನ ಸಮೇತ ಎತ್ತಿ, ಅಂಗಳದ ಮಾವಿಗೋ ಹಲಸಿಗೋ, ಬೆಳಗಿನ ಎಳೆಬಿಸಿಲು ಬಿದ್ದು ಮಳೆನೀರು ನಿಲ್ಲದೆ ಇಳಿದುಹೋಗುವ ಕಡೆಯಲ್ಲಿ ತೆಂಗಿನ ನಾರಿನ ಹುರಿಯಿಂದ ಕಟ್ಟಿದರೆ ಸಾಕು. ಮಣ್ಣೂ ಬೇಡ, ಗೊಬ್ಬರವೂ ಬೇಡ, ತಂತಿಯಂತೂ ಬೇಡವೇ ಬೇಡ. ಹಳೆಯ ಬೇರುಗಳು ಒಮ್ಮೆ ಕಿತ್ತ ಮೇಲೆ ಮತ್ತೆ ತೊಗಟೆಯನ್ನು ಹಿಡಿಯುವುದಿಲ್ಲವಾದ್ದರಿಂದ ಕಾಂಡದ ಬುಡದಲ್ಲಿ ಹೊಸ ಬೇರು ಮೂಡುವವರೆಗೆ ಗಿಡ ಅಲುಗಾಡದಂತೆ ನೋಡಿಕೊಳ್ಳಬೇಕಾಗುತ್ತದೆ. ಮಳೆ ನಿಂತು ಬಿಸಿಲು ಬಲಿಯುವ ಹೊತ್ತಿಗೆ ಹಸಿರು ತುದಿಯ ಒಂದೆರಡು ಬೇರುಗಳು ತೊಗಟೆಯ ಬಿರುಕನ್ನು ಹುಡುಕಿಕೊಂಡು ಹೊರಟಿರುತ್ತವೆ. ಅವು ಮರವನ್ನು ಅಪ್ಪಿ ಹಿಡಿಯುವಷ್ಟರಲ್ಲಿ ಕಟ್ಟಿದ ಹುರಿ ತಾನೇ ಲಡ್ಡಾಗಿ ಕಳಚಿ ಬೀಳುತ್ತದೆ.